‘ಮೂಲ ವಾದ್ಯ ಯಾವುದ್ರಿ?’

ಬನಶಂಕರಿ ಜಾತ್ರೆ ಮುಗಿದ ಮರುತಿಂಗಳು ವಾದ್ಯ ನುಡಿಸಿ ಬದುಕುವ ಒಬ್ಬರನ್ನು ಅವರ ಹೆಂಡತಿ ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದರು. ಬಾಗಲಕೋಟೆ ಜಿಲ್ಲೆಯವರು, ವಯಸ್ಸು ನಲವತ್ತರ ಆಚೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಊರವರು ಕರೆಯುವಂತೆ ನಾನೂ ಅವರನ್ನು ಮಾಸ್ತರ ಎಂದೇ ಕರೆಯುತ್ತೇನೆ.

“ಇಪ್ಪತ್ತು ದಿನ ಆತ್ರಿ ಅಕ್ಕಾರ, ಪೇಟಿ ಮುಚ್ಚಳಾ ತಗದಿಲ್ಲ. ರಾತ್ರಿ ಎದ್ದು ಅಂಗಳದಾಗ ಕುಂದರತಾರ” ಎಂದರು ಹೆಂಡತಿ. ಪೇಟಿ ಎಂದರೆ ಹಾರ್ಮೋನಿಯಂ. ಮಾಸ್ತರ ತಲೆ ತಗ್ಗಿಸಿಯೇ ಇದ್ದರು. ಆದರೆ ಅವರ ಬಲಗೈ ಬೆರಳು ನನ್ನ ಮೇಜಿನ ಅಂಚಿನ ಮೇಲೆ ಸಣ್ಣಗೆ ಕಹರವಾ ತಾಳ ನುಡಿಸುತ್ತಲೇ ಇತ್ತು.

ಪೇಟಿ, ತಬಲಾ, ಢೋಲಕ್, ಕ್ಯಾಸಿಯೋ ಕೀಬೋರ್ಡ್, ರಿದಮ್ ಪ್ಯಾಡ್, ಕ್ಲಾರಿಯೋನೆಟ್. ಇವರಿಗೆ ಬಾರದ್ದನ್ನು ಹುಡುಕಬೇಕು. ಒಂದು ರಾತ್ರಿ ಮಠದ ಭಜನೆ, ಮರುದಿನ ಶ್ರೀಕೃಷ್ಣ ಪಾರಿಜಾತದ ಬಯಲಾಟ, ಅದರ ಮರುದಿನ ಮದುವೆ ಆರ್ಕೆಸ್ಟ್ರಾ. ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಹತ್ತಿರ ಬನಶಂಕರಿಯಲ್ಲಿ ನಾಟಕ ಕಂಪನಿಗಳು ಠಿಕಾಣಿ ಹೂಡುತ್ತವೆ, ಬೆಳಗಿನ ತನಕ ಆಟ. ಅಲ್ಲಿ ಹೀರೋ ಕರಿ ಎರಡರಲ್ಲಿ, ಅಂದರೆ ಪೇಟಿಯ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡು ಎತ್ತುತ್ತಾನೆ, ನಾಯಕಿಯ ದನಿ ಕರಿ ಐದರದ್ದು. ಹಾಡು ಅವನ ಬಾಯಿಂದ ಅವಳ ಬಾಯಿಗೆ ದಾಟುವಷ್ಟರಲ್ಲಿ ಪೇಟಿಯವರ ಬೆರಳು ಹೊಸ ಮನೆ ಹಿಡಿದಿರಬೇಕು. ನಡುವೆ ತಬಲಾದವನು ಚಹಾಕ್ಕೆ ಹೋಗಿದ್ದರೆ ಎಡಗೈಯಿಂದ ತಬಲಾದ ಜೋಡಿ ಡಗ್ಗಾಕ್ಕೆ ಒಂದು ಪೆಟ್ಟನ್ನೂ ಅವರೇ ಕೊಡಬೇಕು. ಇದನ್ನು ಹೇಳುವಾಗ ಮಾತ್ರ ಅವರು ನನ್ನ ಮುಖ ನೋಡಿದರು.

ಮನಸ್ಸಿಗೆ ಏಟು ಬಿದ್ದದ್ದು ಒಂದು ಮಠದ ಕಾರ್ಯಕ್ರಮದಲ್ಲಿ. ಹೊರಗಿನಿಂದ ಬಂದ ಗಾಯಕರೊಬ್ಬರು ಪ್ರೀತಿಯಿಂದಲೇ ಕೇಳಿದರಂತೆ, “ನಿಮ್ಮ ಮೂಲ ವಾದ್ಯ ಯಾವುದ್ರಿ?” ಮಾಸ್ತರ ನನಗೆ ಹೇಳಿದರು, “ಬಾಯಿ ಬರಲಿಲ್ರಿ ಅಕ್ಕಾರ. ಎಲ್ಲಾ ಬರತೈತಿ ಅಂದ್ರ ಏನೂ ಬರಂಗಿಲ್ಲ ಅಂದಂಗ ಆತು.”

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಗದುಗಿನ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ಎಷ್ಟೊಂದು ವಾದ್ಯ ನುಡಿಸುತ್ತಿದ್ದರಲ್ಲ ಎಂದೆ. “ಅವರು ದೇವರ್ರಿ” ಎಂದು ಕೈಮುಗಿದು ಇನ್ನಷ್ಟು ಕುಗ್ಗಿದರು. ಸೋತವರ ಮುಂದೆ ಶಿಖರ ತೋರಿಸಬಾರದಿತ್ತು. ಮುಂದಿನ ವಾರ ಪೇಟಿಯ ಕಥೆಯನ್ನೇ ಎತ್ತಿದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಎಂದು 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆ ವರ್ಷಗಳಲ್ಲೇ ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರು ಪೇಟಿ ನುಡಿಸಿದರು, ಕಲಿಸಿದರು, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು. “ಹೌದ್ರಿ, ನಮ್ಮ ಗುರುಗಳೂ ಇದನ್ನ ಹೇಳತಿದ್ರು” ಎಂದು ಮಾಸ್ತರ ನೆಟ್ಟಗೆ ಕೂತರು. ಅಂದು ಅರ್ಧ ತಾಸು ಅವರೇ ಮಾತಾಡಿದರು, ನಾನು ಕೇಳಿದೆ.

ಆ ಮಾತಿನ ನಡುವೆಯೇ ಇನ್ನೊಂದು ಹೊರಬಿತ್ತು: ಎಡಗಿವಿಯಲ್ಲಿ ರಾತ್ರಿ ಗುಂಯ್ ಎನ್ನುತ್ತದೆ. ಅಂಗಳದಲ್ಲಿ ಕೂರುತ್ತಿದ್ದದ್ದು ಅದಕ್ಕೂ ಹೌದು. ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಸ್ಪೀಕರ್ ಬಾಕ್ಸಿನ ಪಕ್ಕದಲ್ಲೇ ಕೂತವರು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ನಮ್ಮ ವೃತ್ತಿಯ ದೊಡ್ಡ ಅಪಾಯ ಎಂದೇ ನಾನು ನಂಬಿದವಳು. ಕೂಡಲೇ ಕಿವಿ ವೈದ್ಯರಲ್ಲಿಗೆ ಕಳಿಸಿದೆ. ಪರೀಕ್ಷೆಯಲ್ಲಿ ಎತ್ತರದ ಸ್ವರಗಳ ಕೇಳುವಿಕೆ ಇಳಿದಿತ್ತು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಡೆಯಬಹುದು ಎನ್ನುತ್ತಾರೆ. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ, 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಬಾಕ್ಸಿನಿಂದ ದೂರ ಕೂರುವುದು, ಕಿವಿಗೆ ಪ್ಲಗ್ ಹಾಕುವುದು, ಇವೆರಡಕ್ಕೆ ಒಪ್ಪಿಸಲು ಮೂರು ವಾರ ಹಿಡಿಯಿತು.

ಆಮೇಲೆ ಒಂದು ನೋಟ್‌ಬುಕ್ ಇಡಿಸಿದೆ. ಯಾವ ಊರು, ಯಾವ ವಾದ್ಯಕ್ಕೆ ಕರೆದರು, ಏನೇನು ನುಡಿಸಿದಿರಿ, ಬಿದಾಗಿ, ಅಂದರೆ ಸಂಭಾವನೆ, ಎಷ್ಟು, ಕೈಗೆ ಬಂದದ್ದು ಯಾವಾಗ. ತಿಂಗಳ ನಂತರ ಇಬ್ಬರೂ ಕೂತು ಓದಿದೆವು. ಹೆಚ್ಚಿನ ರಾತ್ರಿ ಒಂದು ವಾದ್ಯಕ್ಕೆ ಕರೆದು ಎರಡು ನುಡಿಸಿಕೊಂಡಿದ್ದರು, ಕೊಟ್ಟದ್ದು ಒಂದಕ್ಕೆ. ಆ ಪುಟಗಳ ಮೇಲೆ ಅವರು ಬಹಳ ಹೊತ್ತು ಕೈಯಿಟ್ಟುಕೊಂಡಿದ್ದರು. ಅವರನ್ನು ತಿಂದದ್ದು ಎಲ್ಲ ವಾದ್ಯ ಬರುವುದಲ್ಲ, ಬೆಲೆ ಹೇಳದೆ ಎಲ್ಲವನ್ನೂ ಕೊಟ್ಟುಬಿಡುವುದು ಎಂದು ನಾನು ಅಂದೇ ನೇರವಾಗಿ ಹೇಳಿದೆ.

ಬೆಲೆ ಹೇಳುವುದನ್ನು ಅಲ್ಲಿಯೇ ರೂಢಿ ಮಾಡಿದೆವು. ನಾನು ಕಂಪನಿ ಮ್ಯಾನೇಜರ್‌ನ ಪಾತ್ರ ಹಾಕಿದೆ. “ಮಾಸ್ತರ, ಸ್ವಲ್ಪ ಪ್ಯಾಡೂ ನೋಡ್ಕೋರಿ, ನಿಮಗೇನು ದೊಡ್ಡದು.” “ಆತ್ರಿ” ಎಂದುಬಿಟ್ಟರು. ಮೂರು ಸಲವೂ ಅದೇ. ನಾಲ್ಕನೇ ಸಲ ಮೇಜಿನ ಮೇಲಿನ ಬೆರಳು ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ನಿಂತಿತು. “ಎರಡು ವಾದ್ಯ ಅಂದ್ರ ಒಂದೂವರಿ ಬಿದಾಗಿ ಆಕ್ಕೈತ್ರಿ. ವೀಳ್ಯ ಹಿಡಿಯೂ ಮೊದಲ ಹೇಳೇನಿ.” ವೀಳ್ಯ ಹಿಡಿಯುವುದೆಂದರೆ ಕಾರ್ಯಕ್ರಮ ಒಪ್ಪಿಕೊಳ್ಳುವುದು. ಬಾಗಿಲ ಬಳಿ ಕೂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಂದೇ ವಾದ್ಯ ಹಿಡಿಯಿರಿ, ಉಳಿದದ್ದು ಬಿಡಿ ಎಂದು ನಾನು ಹೇಳಲಿಲ್ಲ. ಅನ್ನ ಕೊಡುವ ಕೈಗಳನ್ನು ಕಟ್ಟಿಹಾಕುವ ಸಲಹೆ ಅದು. ದಿನಕ್ಕೆ ಮುಕ್ಕಾಲು ತಾಸು ಮಾತ್ರ, ಯಾರೂ ಕರೆಯದ, ಯಾರೂ ಕೊಡದ ರಿಯಾಜ್ ಒಂದಿರಲಿ ಎಂದೆ. ಪೇಟಿ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಆರಿಸಿದ್ದು ಅಪ್ಪ ಬ್ಯಾಂಡ್ ಕಂಪನಿಯಲ್ಲಿ ನುಡಿಸುತ್ತಿದ್ದ ಕ್ಲಾರಿಯೋನೆಟ್. ಮುಂದಿನ ಭೇಟಿಗೆ ಪೆಟ್ಟಿಗೆ ಸಮೇತ ತಂದು ತೋರಿಸಿದರು. ಒಳಗಿನ ಮಖಮಲ್ಲು ಹುಳ ತಿಂದಿತ್ತು, ವಾದ್ಯದ ತೂತು ಮುಚ್ಚುವ ಪ್ಯಾಡುಗಳು ಒಣಗಿ ಸೆಟೆದಿದ್ದವು. ರೀಡನ್ನು ಅಂಗಿಯ ಕಿಸೆಯಲ್ಲಿ ಬೇರೆಯಾಗಿ, ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದರು.

ಈಗ ಐದು ತಾಸು ನಿದ್ದೆ ಬರುತ್ತಿದೆ. ಕಿವಿಯ ಗುಂಯ್ ಹೋಗಿಲ್ಲ, ಪೂರ್ತಿ ಹೋಗುವ ಭರವಸೆಯನ್ನು ವೈದ್ಯರೂ ಕೊಟ್ಟಿಲ್ಲ. ಒಬ್ಬ ಹಳೆಯ ಮ್ಯಾನೇಜರ್ ಕರೆಯುವುದನ್ನೇ ನಿಲ್ಲಿಸಿದ್ದಾರೆ, ಆ ನೋವು ಮಾಸ್ತರರಿಗೆ ಇನ್ನೂ ಇದೆ. ಈ ಸಲದ ಬನಶಂಕರಿಗೆ ಒಂದೇ ಕಂಪನಿಯ ವೀಳ್ಯ ಹಿಡಿದಿದ್ದಾರೆ. ಜಾತ್ರೆ ಮುಗಿದ ಮೇಲೆ ನೋಟ್‌ಬುಕ್ ತೆಗೆದುಕೊಂಡು ಬರಲು ಹೇಳಿದ್ದೇನೆ.