ಓದುಗರ ಪ್ರಶ್ನೆ, ತಜ್ಞರ ಉತ್ತರ: ಡಾರ್ಕ್ ವೆಬ್‌ನಲ್ಲಿ ನಮ್ಮ ಮಾಹಿತಿ ಬಿದ್ದಿದ್ದರೆ

ಡಾರ್ಕ್ ವೆಬ್ ಬಗ್ಗೆ ಬೆಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ ಇದೆ. ಬರೆದವರ ಹೆಸರು ಬಿಟ್ಟು ಬಡಾವಣೆ ಮಾತ್ರ ಕೊಟ್ಟಿದ್ದೇವೆ.

ನಮಗೆ ಕಾಣುವ ಇಂಟರ್‌ನೆಟ್ 4 ಪರ್ಸೆಂಟ್ ಮಾತ್ರ, ಉಳಿದ 96 ಪರ್ಸೆಂಟ್ ಡಾರ್ಕ್ ವೆಬ್ ಅಂತ ವಾಟ್ಸ್ಆ್ಯಪ್‌ನಲ್ಲಿ ಹಿಮಗಡ್ಡೆಯ ಚಿತ್ರ ಬಂದಿದೆ. ನಿಜವೇ?
— ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ನಿಜವಲ್ಲ. ಆ ಚಿತ್ರ ಡೀಪ್ ವೆಬ್ಬನ್ನೂ ಡಾರ್ಕ್ ವೆಬ್ಬನ್ನೂ ಒಂದೇ ಮಾಡಿಬಿಟ್ಟಿದೆ. ಗೂಗಲ್ ಹುಡುಕಾಟದಲ್ಲಿ ಸಿಗದ ಪುಟಗಳೆಲ್ಲ ಡೀಪ್ ವೆಬ್. ನಿಮ್ಮ ಇಮೇಲ್ ಪೆಟ್ಟಿಗೆ, ನೆಟ್‌ಬ್ಯಾಂಕಿಂಗ್ ಪುಟ, ಲ್ಯಾಬ್‌ನವರು ಲಾಗಿನ್ ಕೊಟ್ಟು ತೋರಿಸುವ ರಕ್ತಪರೀಕ್ಷೆಯ ರಿಪೋರ್ಟ್, ಎಲ್ಲವೂ ಅದರಲ್ಲೇ ಸೇರಿವೆ. ಡೀಪ್ ವೆಬ್ ಕಾಣುವ ವೆಬ್‌ಗಿಂತ 400ರಿಂದ 550 ಪಟ್ಟು ದೊಡ್ಡದು ಎಂದು 2001ರಲ್ಲಿ ಒಂದು ಅಂದಾಜು ಬಂದಿತ್ತು. ಅದು ಡೇಟಾಬೇಸ್‌ಗಳ ಲೆಕ್ಕ. ಹಿಮಗಡ್ಡೆ ಚಿತ್ರದ ಅಂಕಿಗಳು ಇಂಥ ಲೆಕ್ಕಗಳಿಂದಲೇ ಹುಟ್ಟಿ, ಬಾಯಿಂದ ಬಾಯಿಗೆ ಬೆಳೆದವು.

ಡಾರ್ಕ್ ವೆಬ್ ಅದರ ಒಂದು ಸಣ್ಣ ಮೂಲೆ. ಅಲ್ಲಿಗೆ ಹೋಗಲು ಟಾರ್‌ನಂಥ ವಿಶೇಷ ಬ್ರೌಸರ್ ಬೇಕು. ಟಾರ್‌ನ ಮೂಲ ಕಲ್ಪನೆ 1990ರ ದಶಕದ ನಡುವೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿತು. ಈಗ ನೋಡಿಕೊಳ್ಳುತ್ತಿರುವ ಲಾಭರಹಿತ ಸಂಸ್ಥೆ ಶುರುವಾದದ್ದು 2006ರಲ್ಲಿ. ಒಂದರೊಳಗೊಂದು ಮೂರು ಲಕೋಟೆ ಇಟ್ಟು ಪತ್ರ ಕಳಿಸಿದ ಹಾಗೆ ಇದರ ಕೆಲಸ. ಪತ್ರ ಮೂರು ಕಂಪ್ಯೂಟರ್ ದಾಟಿ ಹೋಗುತ್ತದೆ. ಮೊದಲ ಕಂಪ್ಯೂಟರಿಗೆ ಪತ್ರ ಕೊಟ್ಟವರು ಯಾರೆಂದು ಗೊತ್ತು, ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಮೂರನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರದೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಟಾರ್‌ನೊಳಗೆ ಮಾತ್ರ ತೆರೆಯುವ ‘ಡಾಟ್ ಆನಿಯನ್’ ತಾಣಕ್ಕೆ ಹೋಗುವಾಗ ತಾಣದ ಕಡೆಯಿಂದಲೂ ಮೂರು ಹೆಜ್ಜೆ ಸೇರಿ ಒಟ್ಟು ಆರಾಗುತ್ತವೆ. ಪುಟ ನಿಧಾನವಾಗಿ ತೆರೆದುಕೊಳ್ಳಲು ಇದೇ ಕಾರಣ.

ಟಾರ್ ಹಾಕಿಕೊಂಡರೆ ಅಪರಾಧವೇ? ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲವೇ?
— ಬಿಸಿಎ ವಿದ್ಯಾರ್ಥಿ, ಯಲಹಂಕ

ಬ್ರೌಸರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಅದರಲ್ಲಿ ಏನು ಮಾಡುತ್ತೀರಿ ಎಂಬುದಕ್ಕೆ ಕಾನೂನು ಅನ್ವಯಿಸುತ್ತದೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹುಡುಕಿದರೂ, ನೋಡಿದರೂ ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

‘ಯಾರಿಗೂ ಗೊತ್ತಾಗಲ್ಲ’ ಎಂಬ ನಂಬಿಕೆ ಮಾತ್ರ ಈಗಲೇ ಬಿಡಿ. ನೀವು ಏನು ನೋಡುತ್ತೀರಿ ಎಂಬುದು ನಿಮ್ಮ ಇಂಟರ್‌ನೆಟ್ ಕಂಪನಿಗೆ ಕಾಣದು, ಟಾರ್ ಬಳಸುತ್ತಿದ್ದೀರಿ ಎಂಬುದು ಕಾಣುತ್ತದೆ. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಕಳಿಸಿದ. ಬಳಸಿದ್ದು ಕ್ಯಾಂಪಸ್‌ನದೇ ವೈಫೈ. ಆ ಹೊತ್ತಿನಲ್ಲಿ ಆ ವೈಫೈನಿಂದ ಟಾರ್‌ಗೆ ಹೋದವರು ಯಾರೆಂದು ನೋಡಿದರು, ಸಿಕ್ಕಿಬಿದ್ದ.

ಓದಿಗಾಗಿ ನೋಡಬೇಕೆಂದರೆ ಟಾರ್‌ಪ್ರಾಜೆಕ್ಟ್ ಡಾಟ್ ಆರ್ಗ್‌ನಿಂದ ಮಾತ್ರ ಇಳಿಸಿಕೊಳ್ಳಿ. ಹೊಸ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಜೋಡಿಸುವ ಪುಟ್ಟ ತಂತ್ರಾಂಶ) ಸೇರಿಸಬೇಡಿ; ಸೇರಿಸಿದ ಕೂಡಲೇ ನಿಮ್ಮ ಬ್ರೌಸರ್ ಗುಂಪಿನಲ್ಲಿ ಬೇರೆಯಾಗಿ ಕಾಣುತ್ತದೆ. ಸೆಕ್ಯುರಿಟಿ ಲೆವೆಲ್ ‘ಸೇಫೆಸ್ಟ್’ಗೆ ಇಡಿ. ಇಳಿಸಿಕೊಂಡ ಪಿಡಿಎಫ್, ವರ್ಡ್ ಕಡತಗಳನ್ನು ಇಂಟರ್‌ನೆಟ್ ಚಾಲೂ ಇರುವಾಗ ತೆರೆಯಬೇಡಿ. ಅವು ಟಾರ್ ಬಿಟ್ಟು ನೇರವಾಗಿ ಹೊರಗೆ ಸಂಪರ್ಕಿಸಿ ನಿಮ್ಮ ನಿಜವಾದ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತು ಸಂಖ್ಯೆ) ಬಿಟ್ಟುಕೊಡಬಹುದು.

ಆನಿಯನ್ ವಿಳಾಸವನ್ನೂ ಹತ್ತಿರದಿಂದ ನೋಡಿ. ಡಾಟ್‌ಗೆ ಮೊದಲು 56 ಅಕ್ಷರ ಇರುತ್ತವೆ: ಇಂಗ್ಲಿಷಿನ ಎ-ಯಿಂದ ಝಡ್, ಜತೆಗೆ 2ರಿಂದ 7ರವರೆಗಿನ ಅಂಕಿ. 0, 1, 8, 9 ಇರುವುದೇ ಇಲ್ಲ. ಕೊನೆಯ ಅಕ್ಷರ ಯಾವಾಗಲೂ ಡಿ. ಆ ವಿಳಾಸ ಯಾರೋ ಇಟ್ಟ ಹೆಸರಲ್ಲ, ತಾಣದ ಗುಪ್ತಲಿಪಿ ಕೀಲಿಯನ್ನೇ ಅಕ್ಷರಕ್ಕಿಳಿಸಿದ ರೂಪ; ಈಗಿನ ಮೂರನೇ ಆವೃತ್ತಿಯ ಗುರುತು ಕೊನೆಗೆ ಸೇರಿ ಡಿ ಆಗುತ್ತದೆ. ಹಳೆಯ 16 ಅಕ್ಷರದ ವಿಳಾಸಗಳು 2021ರಲ್ಲೇ ಸತ್ತವು. ಮೊದಲ ಐದಾರು ಅಕ್ಷರ ಹೊಂದುವಂತೆ ನಕಲಿ ವಿಳಾಸ ಹುಟ್ಟಿಸುವುದು ಕಷ್ಟವಲ್ಲ. ಆದ್ದರಿಂದ ಆರಂಭ ನೋಡಿ ನಂಬದೆ ಪೂರ್ತಿ ಹೋಲಿಸಬೇಕು.

ಅಲ್ಲಿ ನಿಜವಾಗಿ ಏನಿದೆ? ಬಾಡಿಗೆ ಕೊಲೆಗಾರರು, ‘ರೆಡ್ ರೂಮ್’ ಎಲ್ಲ ಇವೆಯಂತೆ.
— ಪ್ರೌಢಶಾಲಾ ಶಿಕ್ಷಕಿ, ಮಲ್ಲೇಶ್ವರ

ಕೊಲೆಗಾರರ ತಾಣಗಳು ಮೋಸ. 2016ರಲ್ಲಿ ಬಯಲಾದ ‘ಬೆಸಾ ಮಾಫಿಯಾ’ ಗಿರಾಕಿಗಳಿಂದ ಬಿಟ್‌ಕಾಯಿನ್ ಕಿತ್ತುಕೊಳ್ಳುತ್ತಿತ್ತು, ಕೊಲೆಗಾರರು ಅಲ್ಲಿರಲಿಲ್ಲ. ಆದರೆ ಹಣ ಕೊಟ್ಟವರ ಉದ್ದೇಶ ನಿಜವಾಗಿತ್ತು. ಅಮೆರಿಕದಲ್ಲಿ ಅದಕ್ಕೆ ಹಣ ಕೊಟ್ಟಿದ್ದವನೊಬ್ಬ ಕೆಲಸ ಆಗದಿದ್ದಾಗ ಹೆಂಡತಿಯನ್ನು ತಾನೇ ಕೊಂದು ಜೀವಾವಧಿ ಶಿಕ್ಷೆಗೆ ಗುರಿಯಾದ. ಹಣಕ್ಕಾಗಿ ಹಿಂಸೆಯ ನೇರಪ್ರಸಾರ ಮಾಡುತ್ತದೆ ಎನ್ನುವ ‘ರೆಡ್ ರೂಮ್’ ಬರೀ ದಂತಕಥೆ. ಆರು ಹೆಜ್ಜೆ ಸುತ್ತಿ ಬರುವ ಆ ವೇಗದಲ್ಲಿ ನೇರ ವಿಡಿಯೊ ನಡೆಸುವುದೂ ಕಷ್ಟ.

ನಿಜವಾಗಿ ಇರುವುದು ಮಾದಕವಸ್ತು, ಕದ್ದ ಕಾರ್ಡ್ ಸಂಖ್ಯೆ, ಕದ್ದ ಲಾಗಿನ್, ನಕಲಿ ದಾಖಲೆ, ರ‍್ಯಾನ್ಸಮ್‌ವೇರ್ (ಕಂಪ್ಯೂಟರ್ ಲಾಕ್ ಮಾಡಿ ಹಣ ಕೇಳುವ ತಂತ್ರಾಂಶ) ಗುಂಪುಗಳ ಬೆದರಿಕೆ ಪುಟಗಳು ಮತ್ತು, ಹೇಳಲು ನೋವಾಗುತ್ತದೆ, ಮಕ್ಕಳ ಶೋಷಣೆಯ ಚಿತ್ರಗಳು. ಅದೇ ದಾರಿಯಲ್ಲಿ ಬಿಬಿಸಿ, ನ್ಯೂಯಾರ್ಕ್ ಟೈಮ್ಸ್ ತಾಣಗಳೂ ಇವೆ. ಸರ್ಕಾರ ಸುದ್ದಿಯನ್ನು ತಡೆಹಿಡಿದ ದೇಶಗಳ ಜನ ಓದುವುದು ಹೀಗೆ. ಪತ್ರಕರ್ತರಿಗೆ ಗುಟ್ಟಾಗಿ ದಾಖಲೆ ತಲುಪಿಸುವ ಸೆಕ್ಯೂರ್‌ಡ್ರಾಪ್ ನಿಂತಿರುವುದೂ ಇದರ ಮೇಲೆಯೇ. ಮಕ್ಕಳಿಗೆ ಹೇಳುವಾಗ ಎರಡನ್ನೂ ಹೇಳಿ.

ನನ್ನ ಇಮೇಲ್, ಪಾಸ್‌ವರ್ಡ್ ಡಾರ್ಕ್ ವೆಬ್‌ನಲ್ಲಿದೆ ಎಂದು ಎಚ್ಚರಿಕೆ ಬಂತು. ಪಾಸ್‌ವರ್ಡ್ ಬದಲಿಸಿದೆ. ವಾರದೊಳಗೆ ಮತ್ತೆ ಯಾರೋ ನನ್ನ ಖಾತೆಗೆ ನುಗ್ಗಿದರು. ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ಮಾರತ್ತಹಳ್ಳಿ

ಈ ಸಂಚಿಕೆಯಲ್ಲಿ ಎಲ್ಲರೂ ನಿಧಾನವಾಗಿ ಓದಬೇಕಾದ ಉತ್ತರ ಇದು. ಮಾಹಿತಿ ಅಲ್ಲಿಗೆ ಹೋಗುವ ದಾರಿ ಎರಡು, ಎರಡಕ್ಕೂ ಮದ್ದು ಬೇರೆ.

ಮೊದಲನೆಯದು ಕಂಪನಿಯ ಕಡೆಯಿಂದ ಸೋರುವುದು. ನಮ್ಮೂರಿನದೇ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಮಾರಾಟಕ್ಕಿದೆ ಎಂಬ ಸುದ್ದಿ 2020ರ ನವೆಂಬರ್‌ನಲ್ಲಿ ಬಂತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿಯನ್ನು ಪುಕ್ಕಟೆ ಹಂಚಿಬಿಟ್ಟರು. ಇಮೇಲ್, ಫೋನ್, ಮನೆ ವಿಳಾಸ, ಗುಪ್ತರೂಪದ ಪಾಸ್‌ವರ್ಡ್ ಎಲ್ಲ ಅದರಲ್ಲಿದ್ದವು. ಇಂಥದ್ದರಲ್ಲಿ ಒಂದೇ ಪಾಸ್‌ವರ್ಡನ್ನು ನಾಲ್ಕು ಕಡೆ ಇಟ್ಟವರಿಗೆ ಅಪಾಯ. ನಾಲ್ಕೂ ಕಡೆ ಬದಲಿಸಿ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜತೆಗೆ ಒಟಿಪಿಯಂಥ ಇನ್ನೊಂದು ಗುರುತು) ಹಾಕಿದರೆ ಸಾಕು.

ಎರಡನೆಯದು ನಿಮ್ಮ ಕಂಪ್ಯೂಟರಿನಿಂದಲೇ ಸೋರುವುದು. ನಿಮಗಾದದ್ದು ಬಹುಶಃ ಇದೇ. ಕ್ರ್ಯಾಕ್ ಮಾಡಿದ ಫೋಟೊಶಾಪ್, ವಿಂಡೋಸ್ ಆ್ಯಕ್ಟಿವೇಟರ್, ಗೇಮ್‌ನ ಚೀಟ್ ಇವುಗಳೊಳಗೆ ಇನ್ಫೋಸ್ಟೀಲರ್ ಎಂಬ ಕಳ್ಳ ತಂತ್ರಾಂಶ ಕೂತಿರುತ್ತದೆ. ‘ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎಂಬ ಸೂಚನೆ ಇದ್ದರೆ ಅನುಮಾನ ಗಟ್ಟಿ. ಕೆಲವೇ ನಿಮಿಷದಲ್ಲಿ ಬ್ರೌಸರ್ ಉಳಿಸಿಟ್ಟಿದ್ದನ್ನೆಲ್ಲ ಗೋರಿ ಕಳಿಸಿ, ಎಷ್ಟೋ ಸಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮಾರಾಟಕ್ಕೆ ಹೋಗುವುದು ಒಂದು ಫೋಲ್ಡರ್. ಅದಕ್ಕೆ ‘ಲಾಗ್’ ಎನ್ನುತ್ತಾರೆ. ಒಳಗೆ ಪಾಸ್‌ವರ್ಡ್‌ಗಳ ಟೆಕ್ಸ್ಟ್ ಕಡತ: ತಾಣ, ಬಳಕೆದಾರ ಹೆಸರು, ಪಾಸ್‌ವರ್ಡ್, ಒಂದರ ಕೆಳಗೊಂದು. ಪಕ್ಕದಲ್ಲಿ ಆಟೊಫಿಲ್ ಕಡತ, ಕಂಪ್ಯೂಟರಿನ ವಿವರ, ಆ ಕ್ಷಣದ ಪರದೆಯ ಚಿತ್ರ. ಎಲ್ಲಕ್ಕಿಂತ ಬೆಲೆಬಾಳುವುದು ಕುಕಿಗಳ ಕಡತ.

ನೀವು ಒಮ್ಮೆ ಲಾಗಿನ್ ಆದ ಮೇಲೆ ಮತ್ತೆ ಮತ್ತೆ ಕೇಳದೆ ತಾಣ ನಿಮ್ಮನ್ನು ಒಳಗೆ ಬಿಡುವುದು ಕುಕಿಯಿಂದ. ಆ ಕುಕಿ ಕಳ್ಳನ ಬ್ರೌಸರಿನಲ್ಲಿದ್ದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಸೋಂಕು ಇರುವ ಅದೇ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ್ದರೆ ಹೊಸದೂ ಅವನ ಕೈಸೇರಿತು ಎಂದೇ ಲೆಕ್ಕ. ಕ್ರಮ ಹೀಗಿರಲಿ:

ಲ್ಯಾಪ್‌ಟಾಪನ್ನು ಇಂಟರ್‌ನೆಟ್‌ನಿಂದ ಬಿಡಿಸಿ. ಶುದ್ಧವಾದ ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದ ಖಾತೆಗಳ ರಿಸೆಟ್ ಲಿಂಕ್ ಬರುವುದು ಅಲ್ಲಿಗೆ. ತಕ್ಷಣ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಒತ್ತಿ. ಕದ್ದ ಕುಕಿ ಸಾಯುವುದು ಇದರಿಂದ. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್, ರಿಕವರಿ ನಂಬರ್ ನೋಡಿ. ನುಗ್ಗಿದವರು ಬ್ಯಾಂಕಿನ ಸಂದೇಶ ನಿಮಗೆ ಕಾಣದಂತೆ ಫಿಲ್ಟರ್ ಹಾಕಿಟ್ಟು ಹೋಗುವುದುಂಟು. ಆಮೇಲೆ ಬ್ಯಾಂಕ್, ಆಫೀಸಿನ ಖಾತೆಗಳು. ಆಫೀಸಿನ ಸೆಕ್ಯುರಿಟಿ ತಂಡಕ್ಕೆ ಅವತ್ತೇ ತಿಳಿಸಿ. ನಿಮ್ಮ ಕುಕಿಯಿಂದ ಕಂಪನಿಯ ಬಾಗಿಲೂ ತೆರೆಯುತ್ತದೆ. ಕೊನೆಗೆ ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಬರೀ ಸ್ಕ್ಯಾನ್ ಮಾಡಿ ‘ಕ್ಲೀನ್’ ಎಂದು ಬಂದರೆ ನಂಬಿ ಕೂರಬೇಡಿ.

ನಿಮ್ಮ ಇಮೇಲ್ ಯಾವ ಸೋರಿಕೆಯಲ್ಲಿದೆ ಎಂದು ‘ಹ್ಯಾವ್ ಐ ಬೀನ್ ಪೌನ್ಡ್’ ತಾಣದಲ್ಲಿ ಉಚಿತವಾಗಿ ನೋಡಬಹುದು. ಪಾಸ್‌ವರ್ಡ್ ಪರೀಕ್ಷಿಸುವ ಭಾಗವೂ ಅಲ್ಲಿದೆ. ಪಾಸ್‌ವರ್ಡನ್ನು ನಿಮ್ಮ ಬ್ರೌಸರೇ 40 ಅಕ್ಷರದ ಗುರುತಾಗಿ ಪರಿವರ್ತಿಸಿ, ಮೊದಲ 5 ಅಕ್ಷರ ಮಾತ್ರ ಕಳಿಸುತ್ತದೆ. ಆ 5ರಿಂದ ಶುರುವಾಗುವ ಪಟ್ಟಿ ವಾಪಸ್ ಬರುತ್ತದೆ, ಹೋಲಿಕೆ ನಿಮ್ಮಲ್ಲೇ ನಡೆಯುತ್ತದೆ. ಬೇರೆ ಯಾವುದೋ ತಾಣ ‘ಪಾಸ್‌ವರ್ಡ್ ಕೊಡಿ, ನೋಡಿ ಹೇಳುತ್ತೇವೆ’ ಎಂದರೆ ಕೊಡಬೇಡಿ.

ಆಧಾರ್ ಜೆರಾಕ್ಸ್ ಎಲ್ಲ ಕಡೆ ಕೊಟ್ಟಿದ್ದೇವೆ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಇದಕ್ಕೇನು ಮಾಡೋದು?
— ಗೃಹಿಣಿ, ವಿಜಯನಗರ

ನಿಮ್ಮ ಪ್ರಶ್ನೆಯಲ್ಲೇ ಸಮಸ್ಯೆಯ ಬೇರು ಇದೆ. ಬೆರಳಚ್ಚು ಬದಲಿಸಲಾಗದು, ಬೀಗ ಹಾಕಬಹುದು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋದ ದೂರುಗಳು ಬಂದವು. ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ್ದಾರೆಂಬ ಅನುಮಾನದ ಮೇಲೆ ಪೊಲೀಸರು ತನಿಖೆ ಮಾಡಿದರು. ಆ ಬಗೆಯ ಪಾವತಿಗೆ ಒಟಿಪಿ ಬೇಕಿಲ್ಲ.

ಮೈಆಧಾರ್ ತಾಣ ಅಥವಾ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ರೇಷನ್ ಅಂಗಡಿಗೆ ಹೋಗುವಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು, ಸಮಯ ಮುಗಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲೇ ದೃಢೀಕರಣದ ಇತಿಹಾಸವಿದೆ. ನಿಮಗೆ ಗೊತ್ತಿಲ್ಲದ ಬಳಕೆ ಕಂಡರೆ ತಡಮಾಡಬೇಡಿ. ಇನ್ನು ಮೇಲೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ನಿಮ್ಮ ಪ್ಯಾನ್ ಮೇಲೆ ಯಾರಾದರೂ ಸಾಲ ಎತ್ತಿದ್ದಾರೆಯೇ ತಿಳಿಯಲು ಸಾಲದ ದಾಖಲೆ ಇಡುವ ನಾಲ್ಕೂ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದು ಸಂಸ್ಥೆಯಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ.

ನಮ್ಮದು 12 ಜನರ ಸಣ್ಣ ಮಷಿನ್ ಶಾಪ್. ಕಂಪ್ಯೂಟರ್ ಲಾಕ್ ಆಗಿದೆ, ಹಣ ಕೊಡದಿದ್ದರೆ ಡ್ರಾಯಿಂಗ್‌ಗಳನ್ನು ಡಾರ್ಕ್ ವೆಬ್‌ಗೆ ಹಾಕುತ್ತೇವೆ ಎನ್ನುತ್ತಿದ್ದಾರೆ. ಕೊಟ್ಟುಬಿಡೋಣವೇ?
— ಮಾಲೀಕರು, ಪೀಣ್ಯ

ಕೊಡಬೇಡಿ. 2024ರ ಫೆಬ್ರುವರಿಯಲ್ಲಿ ಹಲವು ದೇಶಗಳ ಪೊಲೀಸರು ಹೀಗೇ ಹಣ ಕೇಳುವ ಲಾಕ್‌ಬಿಟ್ ಗುಂಪಿನ ಸರ್ವರ್ ಹಿಡಿದಾಗ, ಹಣ ಕೊಟ್ಟವರ ಮಾಹಿತಿಯೂ ಅಳಿಸದೆ ಹಾಗೇ ಇತ್ತು. ‘ಅಳಿಸುತ್ತೇವೆ’ ಎಂಬ ಅವರ ಮಾತಿಗೆ ಬೆಲೆಯಿಲ್ಲ.

ಈಗಲೇ ಮಾಡಬೇಕಾದ್ದು: ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆರಿಸಿ, ಆದರೆ ಯಂತ್ರ ಆಫ್ ಮಾಡಬೇಡಿ, ತನಿಖೆಗೆ ಬೇಕಾದ ಸುಳಿವು ಮೆಮೊರಿಯಲ್ಲಿ ಉಳಿದಿರಬಹುದು. ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ. ಬೆದರಿಕೆಯ ಚೀಟಿ, ಲಾಕ್ ಆದ ಒಂದೆರಡು ಕಡತ ತೆಗೆದಿಟ್ಟು ‘ನೋ ಮೋರ್ ರ‍್ಯಾನ್ಸಮ್’ ತಾಣಕ್ಕೆ ಹಾಕಿ ನೋಡಿ. ಕೆಲವು ಬಗೆಗೆ ಅಲ್ಲಿ ಉಚಿತ ಕೀಲಿ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕೆಂಬುದು 2022ರಿಂದ ನಿಯಮ. ನಿಮ್ಮ ವಿಭಾಗದ ಸೈಬರ್ ಅಪರಾಧ (ಸೆನ್) ಠಾಣೆಯಲ್ಲಿ ದೂರು ಕೊಡಿ.

ಒಳಗೆ ಬಂದದ್ದು ಎಲ್ಲಿಂದ? ಮನೆಯಿಂದ ಟ್ಯಾಲಿ ನೋಡಲು ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದೀರಾ, ಕೇಳಿ ನೋಡಿ. ಅದು ಬಳಸುವ 3389ನೇ ಪೋರ್ಟ್ (ನೆಟ್‌ವರ್ಕ್ ಬಾಗಿಲು) ನೇರ ಇಂಟರ್‌ನೆಟ್‌ಗೆ ತೆರೆದಿದ್ದು ಪಾಸ್‌ವರ್ಡ್ ಸುಲಭದ್ದಾದರೆ, ಅಂಥ ‘ಪ್ರವೇಶ’ವನ್ನೇ ಮಾರುವ ದಲ್ಲಾಳಿಗಳು ಡಾರ್ಕ್ ವೆಬ್‌ನಲ್ಲಿದ್ದಾರೆ. ಅದನ್ನು ಮುಚ್ಚಿ ವಿಪಿಎನ್ (ಗುಪ್ತಲಿಪಿಯ ಖಾಸಗಿ ಸಂಪರ್ಕ) ಹಾಕಿಸಿ. ಬ್ಯಾಕಪ್ ಡಿಸ್ಕ್ ಸದಾ ಸಿಕ್ಕಿಸಿಟ್ಟಿದ್ದರೆ ಅದೂ ಲಾಕ್ ಆಗುತ್ತದೆ. ಎರಡು ಡಿಸ್ಕ್ ಇಟ್ಟು ವಾರ ಬಿಟ್ಟು ವಾರ ಬದಲಿಸಿ, ಒಂದನ್ನು ಮನೆಯಲ್ಲಿಡಿ. ತಿಂಗಳಿಗೊಮ್ಮೆ ಅದರಿಂದ ಒಂದು ಡ್ರಾಯಿಂಗ್ ವಾಪಸ್ ತೆರೆದು ನೋಡಿ.

ಮಗನ ಹೆಸರಿಗೆ ವಿದೇಶದಿಂದ ಸಣ್ಣ ಲಕೋಟೆ ಬಂದಿತ್ತು. ‘ಸ್ಟಿಕ್ಕರ್’ ಎಂದ. ಹೆದರಿಕೆಯಾಗುತ್ತಿದೆ.
— ತಾಯಿ, ಜಯನಗರ

ನಿಮ್ಮ ಹೆದರಿಕೆಯನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಎಲ್‌ಎಸ್‌ಡಿ ಎಂಬ ಮಾದಕವಸ್ತು ಅಂಚೆಚೀಟಿಗಿಂತ ಚಿಕ್ಕ ಕಾಗದದ ಚೂರಾಗಿ ಬರುತ್ತದೆ. ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಇಂಥ ಪಾರ್ಸೆಲ್‌ಗಳನ್ನು ಪೊಲೀಸರು ಹಿಡಿದಿದ್ದಾರೆ. ಟಾರ್‌ನಲ್ಲಿ ಹೆಸರು ಮರೆಯಾಗಬಹುದು, ಲಕೋಟೆಯ ಮೇಲೆ ಮನೆ ವಿಳಾಸ ಬರೆಯಲೇಬೇಕು. ಬಿಟ್‌ಕಾಯಿನ್ ವಹಿವಾಟೂ ಅಳಿಸಲಾಗದ ಸಾರ್ವಜನಿಕ ಲೆಕ್ಕದಲ್ಲಿ ಉಳಿಯುತ್ತದೆ. 2017ರಲ್ಲಿ ಡಚ್ ಪೊಲೀಸರು ‘ಹನ್ಸಾ’ ಎಂಬ ಕಳ್ಳಸಂತೆಯನ್ನು ಹಿಡಿದು, ಸುಮಾರು ಒಂದು ತಿಂಗಳು ತಾವೇ ನಡೆಸಿ, ಕೊಳ್ಳುವವರ ವಿಳಾಸ ಬರೆದುಕೊಂಡರು.

ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್‌ಎಸ್‌ಡಿಗೆ ‘ವಾಣಿಜ್ಯ ಪ್ರಮಾಣ’ 0.1 ಗ್ರಾಂ. ಬೆರೆಸಿದ ಬೇರೆ ಪದಾರ್ಥದ ತೂಕವನ್ನೂ ಸೇರಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಮಾಣ ದಾಟಿದರೆ ಕನಿಷ್ಠ ಶಿಕ್ಷೆ 10 ವರ್ಷ, ಜಾಮೀನು ಬಲು ಕಷ್ಟ. ಇಂದೇ ಮಗನ ಜತೆ ಕೂತು, ಕೂಗಾಡದೆ, ಈ ಸಂಖ್ಯೆಗಳನ್ನೇ ಮುಂದಿಡಿ. ಚಟ ಅಂಟಿರುವ ಅನುಮಾನವಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ವಿಭಾಗವಿದೆ. ಮತ್ತೆ ಲಕೋಟೆ ಬಂದರೆ ತೆರೆಯಬೇಡಿ, ಮೊದಲು ವಕೀಲರನ್ನು ಕಾಣಿ.

15,000 ರೂಪಾಯಿ ಕೊಟ್ಟರೆ ನನ್ನ ಮಾಹಿತಿಯನ್ನು ಡಾರ್ಕ್ ವೆಬ್‌ನಿಂದ ತೆಗೆಸುತ್ತೇವೆ ಎಂದು ಒಬ್ಬರು ಫೋನ್ ಮಾಡಿದ್ದರು.
— ಓದುಗರು, ರಾಜಾಜಿನಗರ

ಯಾರಿಂದಲೂ ಆಗದ ಕೆಲಸ. ಒಮ್ಮೆ ಮಾರಾಟವಾದದ್ದಕ್ಕೆ ಎಷ್ಟು ಪ್ರತಿಗಳಿವೆಯೋ ಮಾರಿದವನಿಗೂ ಗೊತ್ತಿರುವುದಿಲ್ಲ. ಹಣ ಕೊಟ್ಟುಬಿಟ್ಟಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ವಹಿವಾಟಿಗೆ ಬ್ಯಾಂಕ್ ಕೊಡುವ ಯುಟಿಆರ್ (ಗುರುತು) ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಬ್ಯಾಂಕಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಸಂಖ್ಯೆ ಪಡೆದುಕೊಳ್ಳಿ.