ಲೇಯರ್ ಆನ್ ಇದ್ದರೂ ಬಾಗಿಲುಗಳು ಕಾಣುತ್ತಿಲ್ಲವೇ? ಹೊಸದಾಗಿ ಮಾತ್ರ ಬರೆಯಬೇಡಿ

ಆಟೊಕ್ಯಾಡ್ (ಕಂಪ್ಯೂಟರ್‌ನಲ್ಲಿ ಪ್ಲಾನ್ ಬರೆಯುವ ಸಾಫ್ಟ್‌ವೇರ್) ಫೈಲ್‌ನಲ್ಲಿ ಬಾಗಿಲಿನ ಲೇಯರ್, ಅಂದರೆ ಬಾಗಿಲುಗಳನ್ನು ಬರೆದ ಪಾರದರ್ಶಕ ಹಾಳೆಯಂಥ ಪದರ, ಆನ್ ಇದೆ, ನಿನ್ನೆ ಇದ್ದ ಬಾಗಿಲು ಇವತ್ತು ಒಂದೂ ಕಾಣ್ತಿಲ್ಲ, ಫೈಲ್ ಕೆಟ್ಟಿರಬೇಕು, ಹೊಸದಾಗಿ ಹಾಕಿಬಿಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಹಾಕಿ ಅನುಭವಿಸಿದ್ದೇನೆ. ನಂದು ಬಾಗಿಲಲ್ಲ, ಕಾಲಂ. ಅಷ್ಟೇ ವ್ಯತ್ಯಾಸ.

ಆಗ ನಾನು ಕೆಲಸಕ್ಕೆ ಹೊಸಬ. ಆಟೊಕ್ಯಾಡ್‌ನಲ್ಲಿ ಒಂದು ಮನೆಯ ಪ್ಲಾನ್ ಮಾಡುತ್ತಿದ್ದೆ. ಸ್ವಿಚ್ ಬೋರ್ಡ್, ವೈರಿಂಗ್ ಗೆರೆಗಳು ಕಣ್ಣಿಗೆ ಅಡ್ಡ ಬರ್ತಿವೆ ಅಂತ ಎಲೆಕ್ಟ್ರಿಕಲ್ ಲೇಯರ್ ಫ್ರೀಜ್ ಮಾಡಿ (ಪೂರ್ತಿ ಮರೆಮಾಡಿ) ಮೆಟ್ಟಿಲಿನ ಕೆಲಸಕ್ಕೆ ಹೋದೆ. ಪರದೆ ಮೇಲೆ ಮೆಟ್ಟಿಲು ಬಿಟ್ಟರೆ ಬೇರೇನೂ ಇರಲಿಲ್ಲ. ತುಂಬಾ ಹೊತ್ತಾದ ಮೇಲೆ ಝೂಮ್ ಔಟ್ ಮಾಡಿದರೆ ಒಂದೂ ಕಾಲಂ ಇಲ್ಲ! ಕಾಲಂ ಲೇಯರ್ ನೋಡಿದೆ. ಆನ್ ಇದೆ ಅಂತ ತೋರಿಸುವ ಬಲ್ಬ್ ಗುರುತು ಉರಿಯುತ್ತಿದೆ, ಫ್ರೀಜ್ ಆಗಿಲ್ಲ. ಪರದೆಯ ಚಿತ್ರವನ್ನು ಮತ್ತೆ ಮೂಡಿಸುವ ರೀಜೆನ್ ಕೊಟ್ಟೆ, ಬರಲಿಲ್ಲ. ಫೈಲ್‌ನ ದೋಷ ಹುಡುಕುವ ಆಡಿಟ್ ಮಾಡಿದೆ, ಯಾವ ತಪ್ಪೂ ಸಿಗಲಿಲ್ಲ. ಎಲ್ಲೋ ಕೈತಪ್ಪಿ ಅಳಿಸಿರಬೇಕು ಅಂದುಕೊಂಡು ಕೂತು ಎಲ್ಲ ಕಾಲಂ ಮತ್ತೆ ಹಾಕಿದೆ. ಬೇಗ ಮುಗಿಯಿತು ಅಂತ ಖುಷಿ ಬೇರೆ.

ಅಳಿಸಿರಲಿಲ್ಲ. ಅವು ಅಲ್ಲೇ ಇದ್ದವು.

ಏನಾಗಿತ್ತು ಅಂದರೆ, ಮೊದಲ ಸಲ ಕಾಲಂ ಬ್ಲಾಕ್‌ಗಳನ್ನು (ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡುವ ಸಿದ್ಧ ಚಿತ್ರಗಳನ್ನು) ಇನ್ಸರ್ಟ್ ಮಾಡುವಾಗ ಎಲೆಕ್ಟ್ರಿಕಲ್ ಲೇಯರ್ ಕರೆಂಟ್ ಆಗಿತ್ತು, ಅಂದರೆ ಹೊಸದಾಗಿ ಹಾಕಿದ್ದೆಲ್ಲ ಅದರ ಮೇಲೇ ಬೀಳುತ್ತಿತ್ತು. ನಾನು ನೋಡಿಕೊಂಡಿರಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಬಾಗಿಲೂ ಬಹುಶಃ ಇಲ್ಲೇ ಸಿಕ್ಕಿಕೊಂಡಿದೆ. ಒಂದು ಬ್ಲಾಕ್‌ಗೆ ಲೇಯರ್ ಲೆಕ್ಕ ಎರಡು ಕಡೆ ಬರುತ್ತದೆ. ಒಳಗಿನ ಗೆರೆಗಳನ್ನು ಯಾವ ಲೇಯರ್‌ನಲ್ಲಿ ಬರೆದಿದ್ದೀರಿ ಅನ್ನೋದು ಒಂದು. ಇಡೀ ಬ್ಲಾಕನ್ನು ಯಾವ ಲೇಯರ್ ಮೇಲೆ ಇನ್ಸರ್ಟ್ ಮಾಡಿದ್ದೀರಿ ಅನ್ನೋದು ಇನ್ನೊಂದು. ನನ್ನ ಕಾಲಂನ ಗೆರೆಗಳು ಕಾಲಂ ಲೇಯರ್‌ನಲ್ಲೇ ಇದ್ದವು, ಬಣ್ಣವೂ ಅದರದೇ. ಆದ್ದರಿಂದ ನೋಡಿದರೆ ಅನುಮಾನವೇ ಬರುವುದಿಲ್ಲ. ಬ್ಲಾಕ್ ಮಾತ್ರ ಎಲೆಕ್ಟ್ರಿಕಲ್ ಮೇಲೆ ಕೂತಿತ್ತು. ಬ್ಲಾಕ್ ಕೂತ ಲೇಯರ್ ಫ್ರೀಜ್ ಆದರೆ ಒಳಗಿರುವುದು ಯಾವ ಲೇಯರ್‌ನದಾದರೂ ಸರಿ, ಪೂರ್ತಿ ಮಾಯ. ಅದೇ ಲೇಯರನ್ನು ಫ್ರೀಜ್ ಮಾಡದೆ ಸುಮ್ನೆ ಆಫ್ ಮಾಡಿದ್ದರೆ ಕಾಲಂಗಳು ಕಾಣುತ್ತಲೇ ಇರುತ್ತಿದ್ದವು! ಆಫ್ ಮಾಡಿದಾಗ ಆ ಲೇಯರ್‌ನ ಗೆರೆಗಳು ಮತ್ತು ಬ್ಲಾಕ್ ಒಳಗೆ 0 ಲೇಯರ್‌ನಲ್ಲಿ (ಪ್ರತಿ ಫೈಲ್‌ನಲ್ಲೂ ಇರುವ, '0' ಎಂಬ ಹೆಸರಿನ ಲೇಯರ್) ಬರೆದವು ಮಾತ್ರ ಹೋಗುತ್ತವೆ. ಆಫ್, ಫ್ರೀಜ್ ಎರಡೂ ಒಂದೇ ಅಂತ ನನಗೆ ಹೇಳಿಕೊಟ್ಟವರು ಹೇಳಿದ್ದರು. ಒಂದೇ ಅಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಆಮೇಲೆ ಡಿಸೈನ್ ಬದಲಾಗಿ ಕೆಲವು ಕಾಲಂ ಪಕ್ಕಕ್ಕೆ ಸರಿಸಬೇಕಾಯಿತು. ಸರಿಸಿದೆ. ಫ್ರೀಜ್ ಆದದ್ದು ಸೆಲೆಕ್ಷನ್‌ಗೆ ಸಿಗುವುದಿಲ್ಲ ಅಲ್ವಾ, ಹಾಗಾಗಿ ಹೊಸ ಕಾಲಂ ಸರಿದವು, ಹಳೆಯವು ಇದ್ದಲ್ಲೇ ಉಳಿದವು. ಎಲೆಕ್ಟ್ರಿಕಲ್ ಶೀಟ್ ಪ್ರಿಂಟ್ ಮಾಡುವ ದಿನ ಆ ಲೇಯರ್ ಥಾ ಮಾಡಿದೆ, ಅಂದರೆ ಫ್ರೀಜ್ ತೆಗೆದೆ. ಹಳೆಯವೂ ಎದ್ದು ಬಂದವು. ಗಡಿಬಿಡಿಯಲ್ಲಿ ನೋಡದೆ ಕಳಿಸಿದೆ. ಸೈಟ್‌ನಲ್ಲಿ ಎಲೆಕ್ಟ್ರಿಷಿಯನ್ ಹಳೇ ಕಾಲಂ ಅಂಚಿನಿಂದ ಅಳತೆ ಹಿಡಿದು ಗೋಡೆ ಕೊರೆದು ಪೈಪ್ ಕೂರಿಸಿಬಿಟ್ಟರು. ಕಿತ್ತು ಮತ್ತೆ ಹಾಕಬೇಕಾಯಿತು. ಅವರ ತಪ್ಪು ಏನೂ ಇರಲಿಲ್ಲ. ಕಾಗದದ ಮೇಲೆ ಇದ್ದದ್ದನ್ನೇ ಅವರು ಅಳೆದಿದ್ದರು.

ಈಗ ನಿಮ್ಮ ಫೈಲ್‌ಗೆ ಬರೋಣ. 'ಎಲ್ಲಾ ಲೇಯರ್ ಒಂದೇ ಸಲ ಆನ್ ಮಾಡಿ, ಥಾ ಮಾಡಿ' ಅಂತ ತುಂಬಾ ಜನ ಹೇಳುತ್ತಾರೆ. ಬಾಗಿಲು ಬರುತ್ತದೆ, ನಿಜ. ಜೊತೆಗೆ ಬೇಕಂತಲೇ ಮುಚ್ಚಿಟ್ಟ ಹಳೇ ಪ್ಲಾನ್, ಕಚ್ಚಾ ಗೆರೆಗಳು ಎಲ್ಲವೂ ಬರುತ್ತವೆ. ಅದಕ್ಕೇ ಮೊದಲು ಲೇಯರ್ ಸ್ಟೇಟ್ಸ್ ಮ್ಯಾನೇಜರ್‌ನಲ್ಲಿ ಈಗಿನ ಸ್ಥಿತಿಯನ್ನು ಒಂದು ಹೆಸರು ಕೊಟ್ಟು ಸೇವ್ ಮಾಡಿ. ಆಮೇಲೆ ಬೇಕಾದರೆ ಎಲ್ಲ ಥಾ ಮಾಡಿ. ಬಾಗಿಲು ಕಂಡ ತಕ್ಷಣ ಒಂದನ್ನು ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಲೇಯರ್ ಸಾಲು ನೋಡಿ. ಅಲ್ಲಿ ಬಾಗಿಲಿನ ಲೇಯರ್ ಬಿಟ್ಟು ಫರ್ನಿಚರ್ ಅಂತಲೋ ಇನ್ನೊಂದು ಅಂತಲೋ ಇದ್ದರೆ ಕಳ್ಳ ಸಿಕ್ಕ. ಸೆಲೆಕ್ಟ್ ಸಿಮಿಲರ್ ಕೊಟ್ಟು ಉಳಿದವನ್ನೂ ಹಿಡಿದು ಸರಿಯಾದ ಲೇಯರ್‌ಗೆ ಹಾಕಿ, ಸೇವ್ ಮಾಡಿದ ಸ್ಟೇಟ್ ವಾಪಸ್ ತನ್ನಿ.

ಲೇಯರ್ ಸರಿಯಾಗೇ ಇದೆಯಾ? ಹಾಗಾದರೆ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಐಸೊಲೇಟ್ ಗುರುತು ನೋಡಿ, ಯಾರಾದರೂ ಹೈಡ್ ಆಬ್ಜೆಕ್ಟ್ಸ್ ಕೊಟ್ಟಿರಬಹುದು. ಅದಕ್ಕೂ ಲೇಯರ್‌ಗೂ ಸಂಬಂಧವೇ ಇಲ್ಲ. ಮಾಡೆಲ್‌ನಲ್ಲಿ ಇದ್ದು ಶೀಟ್‌ನಲ್ಲಿ ಮಾತ್ರ ಇಲ್ಲದಿದ್ದರೆ ವ್ಯೂಪೋರ್ಟ್ (ಶೀಟ್‌ನಲ್ಲಿ ಮಾಡೆಲ್ ತೋರಿಸುವ ಕಿಟಕಿ) ಒಳಗೆ ಹೋಗಿ ವಿಪಿ ಫ್ರೀಜ್, ಅಂದರೆ ಆ ಕಿಟಕಿಗೆ ಮಾತ್ರ ಕೊಟ್ಟ ಫ್ರೀಜ್, ನೋಡಿ. ಎಲ್ಲ ಲೇಯರ್ ಥಾ ಮಾಡುವ ಬಟನ್ ಅದನ್ನು ಮುಟ್ಟುವುದಿಲ್ಲ. ಪರದೆಯಲ್ಲಿ ಇದ್ದು ಪ್ರಿಂಟ್‌ನಲ್ಲಿ ಇಲ್ಲ ಅಂದರೆ ಪ್ರಿಂಟ್ ಆಗದ ಡೆಫ್‌ಪಾಯಿಂಟ್ಸ್ ಲೇಯರ್‌ನಲ್ಲಿ ಬರೆದಿದ್ದೀರಿ, ಇಲ್ಲವೇ ಆ ಲೇಯರ್‌ನ ಪ್ರಿಂಟರ್ ಗುರುತು ಆಫ್ ಆಗಿದೆ.

ನನ್ನ ಕಥೆ ಕೇಳಿ ಇನ್ನು ಮೇಲೆ ಎಲ್ಲವನ್ನೂ ಆಫ್ ಮಾಡುತ್ತೇನೆ, ಫ್ರೀಜ್ ಸಹವಾಸವೇ ಬೇಡ ಅಂತಲೂ ಹೊರಡಬೇಡಿ. ಇರೇಸ್ ಕೊಟ್ಟು ಆಲ್ ಅಂತ ಟೈಪ್ ಮಾಡಿದರೆ ಆಫ್ ಆದ ಲೇಯರ್‌ನಲ್ಲಿ ಇರುವುದೂ ಕಣ್ಣಿಗೆ ಕಾಣದೆ ಅಳಿಸಿಹೋಗುತ್ತದೆ. ಫ್ರೀಜ್ ಆದದ್ದು ಉಳಿಯುತ್ತದೆ. ನಾನು ಈಗಲೂ ಫ್ರೀಜ್ ಬಳಸುವವನೇ. ಬ್ಲಾಕ್ ಇನ್ಸರ್ಟ್ ಮಾಡುವ ಮುಂಚೆ ಕರೆಂಟ್ ಲೇಯರ್ ಯಾವುದು ಅಂತ ನೋಡುತ್ತೇನೆ, ಅಷ್ಟೇ.

ಈಗಾಗಲೇ ಒಂದೆರಡು ಬಾಗಿಲು ಹೊಸದಾಗಿ ಹಾಕಿದ್ದರೆ, ಹಳೆಯವು ವಾಪಸ್ ಬಂದ ಮೇಲೆ ಹೊಸದನ್ನು ಅಳಿಸಿ. ಹಳೆಯದಕ್ಕೆ ಕೊಟ್ಟ ಡೈಮೆನ್ಷನ್‌ಗಳು ಅದರ ಜೊತೆಗೇ ಇರುತ್ತವೆ.