ಬ್ರಿಟನ್ನಿನ ಸಪೋರ್ಟೆಡ್ ಲಿವಿಂಗ್ ಮನೆಗಳಲ್ಲಿ (ಅಂಗವೈಕಲ್ಯ ಮುಂತಾದವುಗಳಿಂದ ನೆರವು ಬೇಕಾದವರು ಸಹಾಯಕರೊಂದಿಗೆ ಬದುಕುವ ಮನೆಗಳಲ್ಲಿ) ರಾತ್ರಿ ಸಹಾಯಕರು ಎಚ್ಚರವಾಗಿಯೇ ಇರಬೇಕೇ?

ಎಲ್ಲ ಮನೆಗಳಲ್ಲೂ ಇಲ್ಲ. ಅಲ್ಲಿ ವಾಸಿಸುವವರ ಅಗತ್ಯ ನೋಡಿ ನಿರ್ಧರಿಸುತ್ತಾರೆ. ನಿದ್ದೆಯಲ್ಲಿ ಅಪಸ್ಮಾರ ಬರುವವರು, ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದವರು ಇದ್ದರೆ ಇಡೀ ರಾತ್ರಿ ಎಚ್ಚರವಿರುವ ಸಹಾಯಕರು ಬೇಕಾಗಬಹುದು. ಅಪರೂಪಕ್ಕೆ ನೆರವು ಬೇಕಾಗುವ ಕಡೆ ಸಹಾಯಕರು ಪಕ್ಕದ ಕೋಣೆಯಲ್ಲಿ ಮಲಗಿದ್ದು, ಕರೆದಾಗ ಎದ್ದು ಬರುತ್ತಾರೆ. ಇದು ‘ಸ್ಲೀಪ್-ಇನ್’ ಪಾಳಿ. ಹೀಗೆ ನಿದ್ರಿಸಿದ ಗಂಟೆಗಳಿಗೆ ಕನಿಷ್ಠ ವೇತನ ಕೊಡಬೇಕಿಲ್ಲ, ಎದ್ದು ಕೆಲಸ ಮಾಡಿದ ಸಮಯಕ್ಕಷ್ಟೇ ಅದು ಸಲ್ಲುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ತೀರ್ಪು ನೀಡಿತು. ನನಗಿದು ಅನ್ಯಾಯವೆನಿಸುತ್ತದೆ: ಒಂದು ಕಿವಿಯನ್ನು ಬಾಗಿಲ ಕಡೆಗೇ ಇಟ್ಟು ಮಲಗುವುದು ನೆಮ್ಮದಿಯ ನಿದ್ದೆಯಲ್ಲ.

ನಿಮ್ಮವರಿಗೆ ಎಚ್ಚರದ ಪಾಳಿಯೇ ಬೇಕೆನಿಸಿದರೆ, ರಾತ್ರಿ ಎಷ್ಟು ಗಂಟೆಗೆ ಏನಾಯಿತು, ಯಾರು ಎದ್ದರು ಎಂಬುದನ್ನು ಕೆಲವು ವಾರ ಬರೆದಿಡಿ. ಆ ದಾಖಲೆಯೊಂದಿಗೆ ಸ್ಥಳೀಯ ಕೌನ್ಸಿಲ್‌ಗೆ ಅಗತ್ಯಗಳ ಮರುಪರಿಶೀಲನೆ ಕೋರಿ.